ಸಾಲಿನ ಕೊನೆಯ ಗಂಟೆ

ನಾನು ಒಂದು ಬ್ರೈಲ್ ಯಂತ್ರ. ಟೈಪ್ ಮಾಡುವ ಯಂತ್ರದ ತಂಗಿ ಎಂದುಕೊಳ್ಳಿ. ಆದರೆ ನನಗೆ ಮಸಿ ಬೇಡ, ಅಕ್ಷರ ಬರೆದ ಗುಂಡಿಗಳೂ ಇಲ್ಲ. ಎಡಕ್ಕೆ ಮೂರು ಕೀಲಿ, ಬಲಕ್ಕೆ ಮೂರು ಕೀಲಿ, ನಡುವೆ ಜಾಗ ಬಿಡುವುದಕ್ಕೊಂದು ಪಟ್ಟಿ. ಒತ್ತಿದರೆ ನನ್ನ ಹೊಟ್ಟೆಯೊಳಗಿನ ಮೊಳೆಗಳು ದಪ್ಪ ಕಾಗದವನ್ನು ಅಡಿಯಿಂದ ತಿವಿದು ಚುಕ್ಕಿ ಎಬ್ಬಿಸುತ್ತವೆ. ಆ ಚುಕ್ಕಿಗಳನ್ನು ಬೆರಳು ಓದುತ್ತದೆ. ಸಾಲು ಮುಗಿಯುವ ಹೊತ್ತಿಗೆ ನನ್ನೊಳಗಿನ ಪುಟ್ಟ ಗಂಟೆ ಟಿಣ್ ಎನ್ನುತ್ತಿತ್ತು. ನನಗಿದ್ದ ಮಾತು ಅದೊಂದೇ.

ನನಗೆ ಕಣ್ಣಿಲ್ಲ. ಕಣ್ಣಿಲ್ಲದವರಿಗಾಗಿಯೇ ಹುಟ್ಟಿದವಳಿಗೆ ಕಣ್ಣೇಕೆ? ಆದ್ದರಿಂದ ನಾನು ಹೇಳುವುದೆಲ್ಲ ಮುಟ್ಟಿ ತಿಳಿದದ್ದು, ಇಲ್ಲವೇ ಕೇಳಿ ತಿಳಿದದ್ದು. ಯಾರ ಮುಖ ಹೇಗಿತ್ತು ಎಂದು ಕೇಳಬೇಡಿ. ಯಾರ ಬೆರಳು ಹೇಗಿತ್ತು ಎಂದು ಕೇಳಿ, ಹೇಳುತ್ತೇನೆ.

ನಾನು ಹುಟ್ಟಿದ್ದು ಜರ್ಮನಿಯಲ್ಲಿ, ಗುಡ್ಡದ ಮೇಲಿನ ಒಂದು ಸಣ್ಣ ಊರಿನ ಕಾರ್ಖಾನೆಯಲ್ಲಿ. ಕಬ್ಬಿಣ ಕಾಯಿಸುವ ವಾಸನೆ, ಎಣ್ಣೆಯ ವಾಸನೆ, ಅರದಿಂದ ಉಜ್ಜುವ ಸದ್ದು. ಎಲ್ಲ ಮುಗಿದ ಮೇಲೆ ನನ್ನನ್ನು ಒಬ್ಬ ಮುದುಕನ ಮುಂದೆ ಇಟ್ಟರು. ಅವನಿಗೂ ಕಣ್ಣಿರಲಿಲ್ಲ. ಒಂದು ಸಾಲು ಒತ್ತಿ, ಚುಕ್ಕಿಗಳ ಮೇಲೆ ಹೆಬ್ಬೆರಳು ಎಳೆದು, ನನ್ನ ಗಂಟೆ ಬಡಿಯುವವರೆಗೆ ಕಾದು, "ಹೂಂ" ಎಂದ. ಆ ಒಂದು ಹೂಂಕಾರದಿಂದ ನಾನು ಲೋಕಕ್ಕೆ ಬಂದೆ.

ನನ್ನ ಮೊದಲ ಒಡತಿ ಎಲ್ಸ್‌ಬೆತ್. ನಗರಸಭೆಯ ದೂರವಾಣಿ ಕೇಂದ್ರದಲ್ಲಿ ಕೂತು, ಕರೆ ಮಾಡಿದವರನ್ನು ಬೇಕಾದವರಿಗೆ ಜೋಡಿಸಿಕೊಡುವುದು ಅವಳ ಕೆಲಸ. ಕಣ್ಣಿಲ್ಲದ ಹುಡುಗಿಯರಿಗೆ ಆ ದೇಶದಲ್ಲಿ ಆಗ ಎರಡು ದಾರಿ ತೋರಿಸುತ್ತಿದ್ದರು. ಒಂದೋ ಬ್ರಷ್ ಕಟ್ಟಬೇಕು, ಇಲ್ಲವೇ ಫೋನಿನ ಮುಂದೆ ಕೂರಬೇಕು. ಚಿಕ್ಕಂದಿನಲ್ಲಿ ಅವಳು ನರ್ಸ್ ಆಗುತ್ತೇನೆ ಎಂದಿದ್ದಳಂತೆ. ಕೇಳಿದವರೆಲ್ಲ ಎಷ್ಟು ನಕ್ಕರೆಂದರೆ ಅವಳೂ ಜೊತೆಗೆ ನಕ್ಕುಬಿಟ್ಟಳಂತೆ. ಇದನ್ನು ಅವಳು ಗೆಳತಿಗೆ ಹೇಳುವಾಗ ಅವಳ ಬೆರಳು ನನ್ನ ಕೀಲಿಗಳ ಮೇಲಿತ್ತು. ದನಿ ನಗುತ್ತಿತ್ತು, ಬೆರಳು ನಗುತ್ತಿರಲಿಲ್ಲ.

ಸಂಜೆ ಮನೆಗೆ ಬಂದು ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಎಡಗಡೆಯ ಎದೆಗೆ ಒರಗಿಸಿಕೊಂಡು ಬರೆಯುವುದು ಅವಳ ಪದ್ಧತಿ. ವರ್ಷಗಳು ಹಾಗೇ ಹೋದವು. ಒಂದು ಸಂಜೆ ನನ್ನ ಅಂಚು ತಗುಲಿದ್ದೇ ತಡ ಅವಳ ಉಸಿರು ಸಣ್ಣಗೆ ತುಂಡಾಯಿತು. ನನ್ನನ್ನು ಬಲಗಡೆಗೆ ಸರಿಸಿದಳು. ಆಮೇಲೆ ಎಡಗಡೆಗೆ ಒರಗಿಸಲೇ ಇಲ್ಲ. ಕೆಲವು ದಿನ ಬರೆಯುವುದನ್ನು ನಿಲ್ಲಿಸಿ ತನ್ನ ಕೈಯನ್ನು ಎದೆಯ ಮೇಲೆ ಒಂದೇ ಕಡೆ ಇಟ್ಟುಕೊಂಡು ಕೂರುತ್ತಿದ್ದಳು. ಅತಿ ಸಣ್ಣ ಚುಕ್ಕಿಯನ್ನೂ ಓದಬಲ್ಲ ಬೆರಳು ಅದು. ಅಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಬ್ಬಳೇ ಇರುವ ಹೆಂಗಸು, ಯಾರಿಗೆಂದು ಹೇಳಿಯಾಳು? ನನಗೆ ಗೊತ್ತಿತ್ತು, ನನಗೆ ಬಾಯಿರಲಿಲ್ಲ. ಒಂದು ದಿನ ಆಸ್ಪತ್ರೆಗೆಂದು ಹೋದವಳು ಮರಳಲಿಲ್ಲ.

ಬಾಗಿಲು ತೆಗೆದವರು ಬೇರೆ ಯಾರೋ. ಅವರ ಬೂಟಿನ ಸದ್ದು ಕೇಳಿ ನಾನು ದಂಗಾಗಿ ಕೂತೆ. ಓದಿದ್ದನ್ನು ಯಾರಿಗೂ ತಿಳಿಸದೆ ಬೆರಳುಗಳು ಮಣ್ಣಿಗೆ ಹೋಗಬಲ್ಲವೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ಅವಳ ತಂಗಿಯ ಮಗಳು ನನ್ನನ್ನು ದಾನದ ಪೆಟ್ಟಿಗೆಗೆ ಹಾಕಿದಳು. ಹಡಗು, ಉಪ್ಪಿನ ಗಾಳಿ, ಮುಂಬಯಿಯ ಗೋದಾಮು, ಆಮೇಲೆ ಲಾರಿ. ಕೊನೆಗೆ ಪೆಟ್ಟಿಗೆ ಒಡೆದಾಗ ನಾನು ಹುಬ್ಬಳ್ಳಿಯ ಒಂದು ಅಂಧ ಹೆಣ್ಣುಮಕ್ಕಳ ಶಾಲೆಯಲ್ಲಿದ್ದೆ.

ಅಲ್ಲಿ ನನಗೆ ಆದ ಮೊದಲ ಬೆರಗು ಒಂದೇ ಒಂದು ಚುಕ್ಕಿಯದು. ಹಂಚಿನಮನಿ ಅಕ್ಕೋರು ಎಂಬ ಟೀಚರು ನನ್ನ ಎಡಗೈ ಕಡೆಯ ಮೊದಲ ಕೀಲಿ ಒತ್ತಿ, ಒಂದು ಮಗುವಿನ ಬೆರಳನ್ನು ಅದರ ಮೇಲಿಟ್ಟು, "ಇದು ಅ" ಎಂದರು. ಎಲ್ಸ್‌ಬೆತಳ ಊರಿನಲ್ಲೂ ಆ ಚುಕ್ಕಿಯೇ ಅವರ ಮೊದಲ ಅಕ್ಷರ. ನಾನು ಸಮುದ್ರ ದಾಟಿ, ಭಾಷೆ ದಾಟಿ, ಅನ್ನ ಸಾರಿನ ವಾಸನೆಯ ಊರಿಗೆ ಬಂದರೂ ನನ್ನ ಮೊಳೆ ಎಬ್ಬಿಸಿದ ಚುಕ್ಕಿ ಇಲ್ಲೂ ಮೊದಲನೆಯದಾಗಿಯೇ ನಿಂತಿತ್ತು.

ರಜೆ ದಿನಗಳಲ್ಲಿ ನಮ್ಮನ್ನೆಲ್ಲ ಒಂದು ಕಪಾಟಿನಲ್ಲಿ ಇಡುತ್ತಿದ್ದರು. ಅಲ್ಲಿ ಜಪಾನಿನಿಂದ ಬಂದ, ಬ್ರೈಲ್ ಚುಕ್ಕಿ ಒತ್ತಿ ಬರೆಯುವ ಹಿತ್ತಾಳೆಯ ಪಟ್ಟಿಯೊಂದಿತ್ತು. ಈ ಊರಿನದೇ ಆದ ಒಂದು ಮರದ ಬರೆಯುವ ಹಲಗೆಯೂ ಇತ್ತು. ಮನುಷ್ಯರ ಕಿವಿಗೆ ಕೇಳದ ನಮ್ಮ ನಮ್ಮಲ್ಲಿನ ಭಾಷೆಯಲ್ಲಿ ಮಾತಿಗೆ ಮಾತು ಬಂದು, ನಿಮ್ಮ ಕಡೆ ಕಣ್ಣಿಲ್ಲದವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದೆ.

"ನಮ್ಮಲ್ಲಿ ಮೈ ನೀವುತ್ತಾರೆ," ಎಂದಿತು ಹಿತ್ತಾಳೆ ಪಟ್ಟಿ. "ಹಳೆಯ ಕಾಲದಿಂದ ಬಂದದ್ದು. ನನ್ನ ಒಡೆಯನ ಅಜ್ಜನೂ ಅದನ್ನೇ ಮಾಡಿದ. ಮರ್ಯಾದೆಯ ಕೆಲಸ. ಆದರೆ ನನ್ನ ಒಡೆಯನಿಗೆ ಗಣಿತ ಇಷ್ಟವಿತ್ತು."

"ಇಲ್ಲಿ ಗವಾಯಿ ಆಗ್ತಾರ," ಎಂದಿತು ಮರದ ಹಲಗೆ. "ಹಾಡು ಬರಲಿಲ್ಲಂದ್ರ ಕುರ್ಚಿ ಹೆಣೀತಾರ."

"ಹೆಣ್ಣಾದರೆ?"

"ಹೆಣ್ಣಾದ್ರ ಮನಿ ಮೂಲಿ."

ಮೂರು ದೇಶದ ಮೂವರು ಒಂದು ಕತ್ತಲೆಯ ಕಪಾಟಿನಲ್ಲಿ ಕೂತಿದ್ದೆವು. ಎಲ್ಲ ಕಡೆಯೂ ಮಗು ಹುಟ್ಟುವ ಮೊದಲೇ ಅದರ ಕೆಲಸವನ್ನು ಬೇರೆ ಯಾರೋ ಗೊತ್ತು ಮಾಡಿಟ್ಟಿದ್ದರು.

ಕಸ್ತೂರಿ ಬಂದದ್ದು ಆಮೇಲೆ. ಹಳೇಹುಬ್ಬಳ್ಳಿಯ ಹುಡುಗಿ. ಅವಳ ತಾಯಿ ನೀಲವ್ವ ಬಳೆಗಾರ್ತಿ, ಓಣಿ ಓಣಿ ತಿರುಗಿ ಬಳೆ ತೊಡಿಸುವವಳು. ತಂದೆ ಲಾರಿಯ ಮೇಲೆ ಹೋದರೆ ತಿಂಗಳಿಗೊಮ್ಮೆ ಮನೆ ಕಾಣುವವನು. ಅವಳನ್ನು ಶಾಲೆಗೆ ಸೇರಿಸಿದ ದಿನ ಎರಡೂ ಕೈ ತುಂಬ ಬಳೆಯ ಸದ್ದಿನೊಡನೆ ನೀಲವ್ವ ಒಳಗೆ ಬಂದಳು.

"ಇವರ ಅಪ್ಪ ಈಕೀನ ಮಠಕ್ಕ ಬಿಡು, ಗವಾಯಿ ಆಗ್ಲಿ ಅಂತಾನ್ರೀ ಅಕ್ಕೋರ," ಎಂದಳು. "ಕಣ್ಣಿಲ್ಲದ ಕೂಸಂದ್ರ ಎಲ್ಲಾರ ಬಾಯಾಗೂ ಅದಽ ಮಾತು. ಆದ್ರ ಈಕಿ ಹಾಡಿದ್ರ ನಮ್ಮ ಓಣ್ಯಾಗಿನ ನಾಯಿ ಸುದ್ದಾ ಎದ್ದು ಆಚೆ ಓಣಿಗೆ ಹೋಗತಾವು."

"ಅವ್ವಾ," ಎಂದು ಮಗಳು ಗೊಣಗಿದಳು.

"ಸುಳ್ಳೇನು? ಮೊನ್ನೆ ಹೋಗಲಿಲ್ಲೇನು ಕರೇ ನಾಯಿ?"

ಅಕ್ಕೋರು ನಕ್ಕು, ಮಗುವಿನ ಕೈಹಿಡಿದು ನನ್ನ ಕೀಲಿಗಳ ಮೇಲೆ ಇಟ್ಟರು. ಎಂಥ ಬೆರಳು ಅದು! ಹೆದರಿಕೆಯಿಲ್ಲ, ಅವಸರವಿಲ್ಲ. ನನ್ನ ಮೈಯನ್ನೆಲ್ಲ ಒಂದು ಸುತ್ತು ಒತ್ತಿ ನೋಡಿ, ಎಲ್ಲಿ ಗಟ್ಟಿ, ಎಲ್ಲಿ ಸಡಿಲು ಎಂದು ತಿಳಿದುಕೊಂಡಿತು. ಇದು ಎಲ್ಲಿಯ ಅಭ್ಯಾಸವೆಂದು ಆಮೇಲೆ ಗೊತ್ತಾಯಿತು. ಬಳೆ ತೊಡಿಸುವವಳು ಮೊದಲು ಕೈಯನ್ನು ಮೃದುವಾಗಿ ಹಿಚುಕಿ ನೋಡಬೇಕು. ಎಲುಬು ಎಲ್ಲಿದೆ, ಮಾಂಸ ಎಷ್ಟು ಮಣಿಯುತ್ತದೆ ಎಂದು ತಿಳಿಯದಿದ್ದರೆ ಗಾಜು ಒಡೆದು ಕೈ ಕುಯ್ಯುತ್ತದೆ. ನೀಲವ್ವ ಮಗಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಗಿರಾಕಿಗಳ ಕೈಯನ್ನು ಅವಳ ಕೈಗೆ ಕೊಟ್ಟು, "ಒತ್ತಿ ನೋಡು, ಇದಕ್ಕ ಯಾವ ಅಳತಿ ಬಳಿ ಹೇಳು," ಎನ್ನುತ್ತಿದ್ದಳಂತೆ. ಕಸ್ತೂರಿಗೆ ಅದು ಆಟವಾಗಿತ್ತು.

ಶಾಲೆಗೆ ಕಂಪ್ಯೂಟರು ಬಂದ ಮೇಲೆ ನನ್ನನ್ನು ಕೇಳುವವರು ಕಡಿಮೆಯಾದರು. ಶಾಲೆ ಮುಗಿಸಿ ಹೊರಟ ಕಸ್ತೂರಿಗೆ ಅಕ್ಕೋರು ನನ್ನನ್ನು ಕೊಟ್ಟುಬಿಟ್ಟರು. "ಕಿವಿಯೊಳಗ ಕೇಳಿದ್ದು ಹಾರಿಹೋಗ್ತದ. ಬೆರಳಿಗೆ ಸಿಕ್ಕಿದ್ದು ಉಳೀತದ. ಇದು ನಿನ್ನ ಹತ್ರ ಇರಲಿ," ಎಂದರು.

ಹಾಗೆ ನಾನು ಬಳೆಗಾರರ ಮನೆ ಸೇರಿದೆ. ಅಟ್ಟದ ತುಂಬ ಬಳೆಗಳು. ಬೆಕ್ಕು ಹಾರಿದರೂ ಮನೆಯೆಲ್ಲ ಕಿಣಿಕಿಣಿ.

ಕಸ್ತೂರಿ ಕಾಲೇಜು ಮುಗಿಸಿದಳು. ಕೆಲಸ ಸಿಗಲಿಲ್ಲ. ಫೋನ್ ಆಪರೇಟರ್ ಕೆಲಸ ಕೇಳಲು ಹೋದರೆ, ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆಪರೇಟರ್ ಯಾತಕ್ಕಮ್ಮ ಎಂದರು. ಎಲ್ಸ್‌ಬೆತಳ ಕೆಲಸ ಅವಳ ಹಿಂದೆಯೇ ಸತ್ತುಹೋಗಿತ್ತು. ಒಂದು ಕಚೇರಿಯಲ್ಲಿ, ಪಾಪ ನೀನೆಲ್ಲಿ ಬಂದು ಹೋಗಿ ಮಾಡ್ತಿ, ಮನೆಯಲ್ಲಿರು ಎಂದರಂತೆ. ಅಂದು ಕಸ್ತೂರಿ ಕಾಗದವಿಲ್ಲದೆ ನನ್ನ ಕೀಲಿಗಳನ್ನು ಬಹಳ ಹೊತ್ತು ಒತ್ತಿದಳು. ಬರಿಯ ರೋಲರಿನ ಮೇಲೆ ನನ್ನ ಮೊಳೆಗಳು ತಿವಿದವು. ಅವಳು ಒತ್ತುತ್ತಿದ್ದದ್ದು "ಮನೆ, ಮನೆ, ಮನೆ" ಎಂದು.

ಒಂದು ಮಧ್ಯಾಹ್ನ ಅಕ್ಕೋರು ಮನೆಗೆ ಬಂದರು. ಊರಿನ ಒಂದು ಆಸ್ಪತ್ರೆಯಲ್ಲಿ ಹೊಸ ತರಬೇತಿ ಶುರುವಾಗುತ್ತಿದೆ, ಕಣ್ಣಿಲ್ಲದ ಹೆಣ್ಣುಮಕ್ಕಳಿಗೆ ಮಾತ್ರ ಎಂದರು.

"ಎಂಥಾ ಕೆಲಸ್ರೀ?" ನೀಲವ್ವ ಕೇಳಿದಳು.

"ಹೆಂಗಸರ ಎದಿ ಮುಟ್ಟಿ ನೋಡಿ, ಗಂಟು ಅದನೋ ಇಲ್ಲೋ ಹೇಳೂದು. ಕ್ಯಾನ್ಸರ್ ಗಂಟು ಸಣ್ಣದಿದ್ದಾಗಲೇ ಸಿಕ್ಕರ ಜೀವ ಉಳೀತದ. ಬ್ರೈಲ್ ಓದೂ ಬೆರಳಿಗೆ ಅದು ಬೇಗ ಸಿಗ್ತದಂತ."

ನೀಲವ್ವ ಬಳೆ ಕಟ್ಟುತ್ತಿದ್ದ ದಾರ ಕೈಯಿಂದ ಜಾರಿತು. ಬಳೆಗಳು ನೆಲದ ಮೇಲೆ ಉರುಳಿದವು.

"ಏನಂದ್ರಿ ಅಕ್ಕೋರ?"

ಅಕ್ಕೋರು ಇನ್ನೊಮ್ಮೆ ಹೇಳಿದರು. "ಮೊದಲು ಜರ್ಮನಿಯೊಳಗ ಶುರುವಾದದ್ದು ಇದು," ಎಂದೂ ಸೇರಿಸಿದರು.

ನೀಲವ್ವನಿಗಿಂತ ಹೆಚ್ಚಿನ ಆಘಾತ ನನಗಾಯಿತು. ನಾನು ಹುಟ್ಟಿದ ದೇಶ. ಎಲ್ಸ್‌ಬೆತ್ ಒಬ್ಬಳೇ ಕೂತು ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡ ದೇಶ. ನರ್ಸ್ ಆಗುತ್ತೇನೆಂದರೆ ನಕ್ಕ ದೇಶ. ಅವಳ ಬೆರಳು ಅವಳಿಗೆ ಹೇಳಿದ್ದನ್ನೇ ಈಗ ಅಲ್ಲಿ ಉದ್ಯೋಗ ಮಾಡಿದ್ದರು.

"ಗಂಡಸರು ಬರತಾರೇನ್ರಿ?"

"ಇಲ್ಲವ್ವ. ಬರೇ ಹೆಂಗಸರು."

"ಮುಟ್ಟಿದ್ರ ಹತ್ತತೈತೇನ್ರಿ ಆ ರೋಗ?"

"ಮುಟ್ಟಿದ್ರ ಹತ್ತೂ ರೋಗ ಅಲ್ಲ ಅದು."

"ನಾ ಹೋಗ್ತೀನಿ," ಎಂದಳು ಕಸ್ತೂರಿ. ಅಷ್ಟು ಹೊತ್ತು ಅವಳು ಅಲ್ಲಿದ್ದಾಳೆಂಬುದನ್ನೇ ಇಬ್ಬರೂ ಮರೆತಿದ್ದರು.

ಹೊರಟಳು. ದಿನವೂ ಬೆಳಿಗ್ಗೆ ಮೂವರೂ ಹೊರಡುತ್ತಿದ್ದೆವು. ನೀಲವ್ವ ತನ್ನ ಹಳೆಯ ಇಳಕಲ್ ಸೀರೆಯಿಂದ ನನಗೊಂದು ಚೀಲ ಹೊಲಿದಿದ್ದಳು. ನಾನು ಭಾರ. ನನ್ನನ್ನು ಎಡಗಡೆಗೆ ಕೂಸಿನ ಹಾಗೆ ಅವುಚಿಕೊಂಡು ಅವಳು ನಡೆಯುವಳು. ಕಸ್ತೂರಿ ಅವಳ ಬಲ ಮೊಣಕೈ ಹಿಡಿಯುವಳು. ಚಿಕ್ಕಂದಿನಿಂದಲೂ ಅದೇ ಪದ್ಧತಿ. ಎಡಕ್ಕೆ ಭಾರ, ಬಲಕ್ಕೆ ಮಗಳು. ಬಸ್ಸಿನಲ್ಲಿ, ದಾರಿಯಲ್ಲಿ, ನನ್ನ ಮೈಗೆ ಅವಳ ಎದೆಬಡಿತ ಕೇಳುತ್ತಿತ್ತು.

ಆಸ್ಪತ್ರೆಯಲ್ಲಿ ತಬಸ್ಸುಮ್ ಮೇಡಂ ಪಾಠ ಹೇಳುತ್ತಿದ್ದರು. ಕಸ್ತೂರಿ ನನ್ನಲ್ಲಿ ಬರೆದುಕೊಳ್ಳುತ್ತಿದ್ದಳು. ಎದೆಯ ಮೇಲೆ ಅಂಟಿಸುವ ಪಟ್ಟಿಗಳಿವೆ. ಅವುಗಳ ಮೇಲೆ ಕೈಗೆ ಸಿಗುವ ಗುರುತು ಇರುತ್ತದೆ. ಗಂಟು ಯಾವ ಪಟ್ಟಿಯ ಯಾವ ಗುರುತಿನ ಹತ್ತಿರ ಸಿಕ್ಕಿತು ಎಂದು ಹಾಗೆ ಹೇಳುತ್ತಾರೆ. ಮನೆಯಲ್ಲಿ ಅಭ್ಯಾಸಕ್ಕೆಂದು ಅಂಥ ಪಟ್ಟಿಗಳನ್ನು ಅವಳು ನನ್ನಲ್ಲಿಯೇ ಒತ್ತಿ ತಯಾರಿಸಿದಳು. ರಬ್ಬರಿನ ಗೊಂಬೆಯೊಂದರ ಎದೆಯಲ್ಲಿ ಅಡಗಿಸಿಟ್ಟ ಗಂಟುಗಳನ್ನು ಹುಡುಕುವುದೇ ಮೊದಲ ಪಾಠ. ಹುಡುಗಿಯರು ನಗುತ್ತಿದ್ದರು, ಗೊಂಬೆಗೆ ಪದ್ಮಾವತಿ ಎಂದು ಹೆಸರಿಟ್ಟಿದ್ದರು. "ಪದ್ಮಕ್ಕಾ, ಇವತ್ತು ಆರಾಮ ಅದೀರಿಲ್ಲೋ?" ಎಂದು ಶುರು ಮಾಡುತ್ತಿದ್ದರು.

ಓಣಿಯಲ್ಲಿ ನಗು ಇರಲಿಲ್ಲ. ಎದುರು ಮನೆಯ ರೇಣವ್ವ ಒಂದು ದಿನ ಕಟ್ಟೆಯ ಮೇಲಿಂದಲೇ ಹೇಳಿದಳು.

"ನೀಲವ್ವ, ತಪ್ಪು ತಿಳೀಬ್ಯಾಡ. ಮಗಳು ಅಂಥಾ ರೋಗದ ಮೈ ಮುಟ್ಟಿ ಬರತಾಳ. ಅಕೀ ಕೂಡ ಉಂಡು ನೀ ಬಂದು ನಮ್ಮ ಕೈ ಹಿಡೀತಿ. ಮುತ್ತೈದಿ ಕೈ ನೋಡವ್ವ ಇದು."

"ಮುಟ್ಟಿದ್ರ ಬರೂದಿದ್ರ ಡಾಕ್ಟರೆಲ್ಲಾ ಯಾವಾಗಽ ಸಾಯಬೇಕಿತ್ತಲ್ಲ ರೇಣಕ್ಕ."

"ಅವರ ಮಾತು ಬ್ಯಾರೆ. ನೋಡೂಣು. ನಿಮ್ಮ ಮನ್ಯಾಗ ಏನೂ ಆಗದಿದ್ರ ಆತು."

ಈ ಕೊನೆಯ ಮಾತು ನೀಲವ್ವನ ಒಳಗೆ ಹೋಗಿ ಕೂತದ್ದು ನನಗೆ ತಿಳಿಯಿತು. ಅಂದು ಅವಳ ಬುಟ್ಟಿ ಹೋದ ಹಾಗೆಯೇ ತುಂಬಿಕೊಂಡು ಬಂದಿತ್ತು.

ಯುಗಾದಿ ಆಗಿ ಸ್ವಲ್ಪ ದಿನವಾಗಿತ್ತು. ಬೆಳಿಗ್ಗೆ ನೀಲವ್ವ ಎಂದಿನಂತೆ ನನ್ನನ್ನು ಎತ್ತಿ ಎಡಗಡೆಗೆ ಅವುಚಿಕೊಂಡಳು. ನನ್ನ ಅಂಚು ತಗುಲಿತು. ಅವಳ ಉಸಿರು ಸಣ್ಣಗೆ ತುಂಡಾಯಿತು.

ನನ್ನ ಮೊಳೆಗಳೆಲ್ಲ ತಣ್ಣಗಾದವು. ಆ ಉಸಿರು ನನಗೆ ಗೊತ್ತು. ಸಮುದ್ರದಾಚೆಯ ಒಂದು ಕೋಣೆಯಲ್ಲಿ ಅದನ್ನು ಕೇಳಿದ್ದೆ. ಭಾಷೆ ಬೇರೆ, ಉಡುಪು ಬೇರೆ, ಉಸಿರು ಮಾತ್ರ ಅದೇ.

ನೀಲವ್ವ ನನ್ನನ್ನು ಬಲಗಡೆಗೆ ಬದಲಿಸಿದಳು.

"ಈ ಕಡೆ ಬಾರವ್ವ, ಎಡಗೈ ಹಿಡಿ," ಎಂದಳು ಮಗಳಿಗೆ.

"ಯಾಕ?"

"ಹೆಗಲು ಹಿಡಕೊಂಡೈತಿ. ದಿನಾ ಒಂದಽ ಕಡೆ ಹೊತ್ತು ಹೊತ್ತು."

ಕಸ್ತೂರಿ ಎಡಕ್ಕೆ ಬಂದಳು. ಆ ಕಡೆ ನಡೆದು ರೂಢಿಯಿಲ್ಲದೆ ಎರಡು ಸಲ ಎಡವಿದಳು. ಅಷ್ಟೇ. ಬಸ್ಸು ಬಂತು.

ಆಮೇಲಿನ ದಿನಗಳು ನನಗೆ ಹೇಗೆ ಹೋದವೆಂದು ಹೇಗೆ ಹೇಳಲಿ? ಕಸ್ತೂರಿ ನನ್ನ ಮೇಲೆ ಬೆರಳಿಟ್ಟಾಗಲೆಲ್ಲ ನನಗೆ ಕೂಗಬೇಕೆನ್ನಿಸುತ್ತಿತ್ತು. ಆದರೆ ಅವಳು ಒತ್ತಿದ್ದನ್ನಷ್ಟೇ ನಾನು ಬರೆಯಬಲ್ಲೆ. ಊರ ಹೆಂಗಸರ ಎದೆಯಲ್ಲಿ ಅವಳು ಹುಡುಕಲು ಕಲಿಯುತ್ತಿದ್ದ ಗಂಟು ತಾಯಿಯ ಎದೆಯಲ್ಲಿ ಅವಳ ಮಗ್ಗುಲಲ್ಲೇ ನಡೆಯುತ್ತಿತ್ತು, ಆ ತಾಯಿಯ ಮೊಣಕೈಯನ್ನೇ ಅವಳು ಹಿಡಿದಿದ್ದಳು. ಸಾಲು ಮುಗಿದಾಗ ನನ್ನ ಗಂಟೆ ಟಿಣ್ ಎನ್ನುವುದು. ಅವಳು ಮುಂದಿನ ಸಾಲಿಗೆ ಹೋಗುವಳು.

ನೀಲವ್ವ ಓಣಿಯ ನಾಲ್ಕು ಹೆಂಗಸರನ್ನು ಒಪ್ಪಿಸಿ, ಮೇಡಂ ಮುಂದೆ ಹುಡುಗಿಯರು ಮಾಡುವ ತಪಾಸಣೆಗೆ ಕರೆದುಕೊಂಡು ಹೋದಳು. "ಅಂಜಬ್ಯಾಡ್ರಿ, ನನ್ನ ಮಗಳ ಕೈ ಹೂವಿನಂಗ ಐತಿ," ಎಂದು ಧೈರ್ಯ ಹೇಳಿದಳು. ತಾನು ಮಾತ್ರ ಹೊರಗೆ ಬೆಂಚಿನ ಮೇಲೆ ಕೂತಳು. ನಾನು ಅವಳ ತೊಡೆಯ ಮೇಲಿದ್ದೆ, ಬಲಕ್ಕೆ.

ಒಂದು ದಿನ ತಬಸ್ಸುಮ್ ಮೇಡಂ, ಮುಟ್ಟುವ ಮೊದಲು ಏನೇನು ಕೇಳಬೇಕೆಂದು ಹೇಳುತ್ತಿದ್ದರು. "ಹೆಂಗಸರು ನೋವದ ಅಂತ ಹೇಳೂದಿಲ್ಲ. ಸುತ್ತು ಹಾಕಿ ಕೇಳ್ಬೇಕು. ಯಾವ ಮಗ್ಗುಲಾಗಿ ಮಲಗ್ತೀರಿ ಅಂತ ಕೇಳ್ರಿ. ಮೊದಲಿನಿಂದ ಹಂಗೋ, ಈಗೀಗ ಬದಲಿಸೀರೋ ಕೇಳ್ರಿ. ಕೊಡ ಯಾವ ಬಗಲಿಗೆ ಇಟ್ಕೋತೀರಿ, ಕೂಸಿನ್ನ ಯಾವ ಕಡೆ ಎತ್ಕೋತೀರಿ..."

ಕಸ್ತೂರಿಯ ಬೆರಳು 'ಎತ್ತಿ' ಎಂಬಲ್ಲಿ ನಿಂತಿತು. ಪದ ಅರ್ಧಕ್ಕೇ ಉಳಿಯಿತು. ಬೆರಳು ತಣ್ಣಗಾಗುತ್ತ ಹೋದದ್ದು ನನ್ನ ಕೀಲಿಗಳಿಗೆ ಗೊತ್ತಾಯಿತು. ಪಾಠ ಮುಂದೆ ಹೋಯಿತು. ಅವಳು ಬರೆಯಲಿಲ್ಲ.

ಮನೆಗೆ ಬಂದ ಮೇಲೆ ಅವಳು ಏನೂ ಕೇಳಲಿಲ್ಲ. ಕೇಳಿದರೆ ಹೆಗಲುನೋವು ಎನ್ನುವ ಉತ್ತರ ತಯಾರಿದೆಯೆಂದು ಅವಳಿಗೆ ಗೊತ್ತಿತ್ತು. ಮಧ್ಯಾಹ್ನ ಊಟವಾಗಿತ್ತು. ನೀಲವ್ವ ನೆಲದ ಮೇಲೆ ಕೂತು ಹೊಸ ಬಳೆಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಿದ್ದಳು. ಕಸ್ತೂರಿ ನನ್ನನ್ನು ಎರಡೂ ಕೈಯಿಂದ ಎತ್ತಿಕೊಂಡು ತಾಯಿಯ ಎಡಗಡೆಗೆ ಬಂದಳು.

"ಅವ್ವ, ಇದನ್ನ ಸ್ವಲ್ಪ ಹಿಡಿ. ಕೆಳಗ ಕಸ ಹೊಡೀತೀನಿ."

ರೂಢಿ ಎಂಬುದು ಮನಸ್ಸಿಗಿಂತ ಮುಂದೆ ಓಡುತ್ತದೆ. ನೀಲವ್ವ ಬಳೆ ಬೇರೆ ಮಾಡುತ್ತಲೇ ಎಡಗೈ ಚಾಚಿ ನನ್ನನ್ನು ಎದೆಗೆ ಅವುಚಿಕೊಂಡಳು.

ಆಮೇಲೆ ಆದದ್ದನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ನಾನು ಜಾರಿದೆನೋ, ಅವಳು ಕೈಬಿಟ್ಟಳೋ, ಇಂದಿಗೂ ತಿಳಿಯದು. ಅವಳ ಬಾಯಿಂದ ಒಂದು ಸದ್ದು ಬಂತು, ಮಾತಲ್ಲ, ಬರೀ ಸದ್ದು. ನಾನು ಕಡಪಾ ಕಲ್ಲಿನ ನೆಲಕ್ಕೆ ಬಿದ್ದೆ. ಬಳೆಗಳು ನನ್ನ ಅಡಿಯಲ್ಲಿ ನುಚ್ಚಾದವು. ನನ್ನ ಗಂಟೆ ಒಮ್ಮೆ ಜೋರಾಗಿ ಬಡಿಯಿತು. ಅದೇ ಕೊನೆ. ಆಮೇಲೆ ಅದು ಎಂದೂ ಬಡಿಯಲಿಲ್ಲ.

"ಎಷ್ಟು ದಿನಾ ಆತು?" ಕಸ್ತೂರಿಯ ದನಿ ಬಹಳ ಸಣ್ಣಗಿತ್ತು.

"ಏನು ಎಷ್ಟು ದಿನಾ? ಬಳಿ ಎಲ್ಲಾ ಒಡದ್ವು ನೋಡು."

"ಅವ್ವ."

ನೀಲವ್ವ ಒಡೆದ ಚೂರುಗಳನ್ನು ಕೂಡಿಸತೊಡಗಿದಳು. ಕಸ್ತೂರಿ ಬಾಗಿಲ ಅಗಳಿ ಹಾಕಿ ಬಂದಳು. ನನ್ನಲ್ಲಿ ಒತ್ತಿದ ಪಟ್ಟಿಗಳನ್ನು ಗೂಡಿನಿಂದ ತೆಗೆದಳು.

"ಚಾಪಿ ಮ್ಯಾಲೆ ಮಲಕ್ಕೋ."

"ಹುಚ್ಚಿ ಏನು ನೀನು? ಹಡೆದ ತಾಯಿ ಎದಿ ಮುಟ್ಟಿ ನೋಡತಾರೇನು? ನಾಚಿಕಿಲ್ಲೇನು?"

"ಮೊದಲ ಮುಟ್ಟಿದಾಕಿ ನಾನಽ ಅಲ್ಲೇನು?"

ನೀಲವ್ವ ಕೂಡಿಸಿದ ಚೂರುಗಳನ್ನು ಮೂಲೆಗೆ ಸುರಿದಳು. ಆಮೇಲೆ ಚಾಪೆ ಬಿಚ್ಚಿದ ಸದ್ದು ಕೇಳಿತು. ನಾನು ಮಗ್ಗುಲಾಗಿ ಬಿದ್ದಲ್ಲಿಯೇ ಬಿದ್ದಿದ್ದೆ. ಪಟ್ಟಿ ಅಂಟಿಸಿದ ಸದ್ದು. ಬೆರಳು ಚರ್ಮದ ಮೇಲೆ ನಡೆಯುವ ಸದ್ದು ಮನುಷ್ಯರ ಕಿವಿಗೆ ಕೇಳುವುದಿಲ್ಲ. ನನಗೆ ಕೇಳುತ್ತದೆ, ಜೀವಮಾನವೆಲ್ಲ ಅದನ್ನೇ ಕೇಳಿದವಳು ನಾನು. ಒಂದು ಗುರುತು, ಇನ್ನೊಂದು, ಮತ್ತೊಂದು. ಸಾಲು ಓದುವ ಹಾಗೆಯೇ ಓದುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಬಂತು. ಮತ್ತೆ ನಿಂತಿತು.

ನನ್ನಲ್ಲೇ ಒತ್ತಿದ ಪಟ್ಟಿ. ಈ ಓದು ಇಲ್ಲಿಗೆ ಬಂದು ಮುಟ್ಟುತ್ತದೆಂದು ತಿಳಿದಿದ್ದರೆ ಒತ್ತಿಸಿಕೊಳ್ಳುತ್ತಿದ್ದೆನೇ? ಒತ್ತಿಸಿಕೊಳ್ಳಲೇಬೇಕಿತ್ತು. ಆದರೂ ಆ ಹೊತ್ತಿನಲ್ಲಿ ನನಗೆ ಜಗತ್ತೇ ಕಲ್ಲಾದ ಹಾಗಿತ್ತು.

"ಯುಗಾದಿ ಮುಂದ ಗೊತ್ತಾತು," ನೀಲವ್ವ ತಾನಾಗಿಯೇ ಹೇಳಿದಳು. "ಜಳಕಾ ಮಾಡೂ ಮುಂದ."

"ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಮಗಳು ರೋಗ ಮುಟ್ಟಿ ಮನಿಗೆ ತಂದ್ಲು ಅಂತಾರ ಓಣ್ಯಾಗ. ರೇಣಕ್ಕ ಬಾಯಿ ತಕ್ಕೊಂಡಽ ಕುಂತಾಳ. ನಿನ್ನ ಯಾರು ಹತ್ರ ಸೇರಿಸ್ತಾರ ಆಮ್ಯಾಲೆ? ಎಷ್ಟು ಮಂದಿ ಬಾಗಿಲಾ ತಿರಿಗಿದ ಮ್ಯಾಲೆ ಸಿಕ್ಕೈತಿ ಈ ಕೆಲಸ. ನೀ ಪಾಸಾಗೂತನಾ ಬಾಯಿ ಮುಚ್ಚಿಕೊಂಡಿರೂಣು ಅಂದೆ."

ಕಸ್ತೂರಿ ಅಳಲಿಲ್ಲ. "ನಿನ್ನ ಬಿಟ್ಟು ನಾ ಊರ ಹೆಂಗಸರನ್ನ ಉಳಸಲೇನು?" ಎಂದಳಷ್ಟೆ. ಆಮೇಲೆ ತಾಯಿಯ ರವಿಕೆಯ ಗುಂಡಿಗಳನ್ನು ತಾನೇ ಹಾಕಿದಳು. ಒಂದೊಂದಾಗಿ, ಸಾವಕಾಶ.

ಮರುದಿನ ಅವರಿಬ್ಬರೇ ಹೋದರು. ನನ್ನನ್ನು ಒಯ್ಯಲಿಲ್ಲ. ತಬಸ್ಸುಮ್ ಮೇಡಂ ಏನೆಂದರೆಂದು ಆಮೇಲೆ ಕೇಳಿ ತಿಳಿದೆ. ಪರೀಕ್ಷೆಗಳೆಲ್ಲ ಆದ ಮೇಲೆ, "ತಡಾ ಆಗೇದ, ಆದ್ರ ಕೈ ಮೀರಿಲ್ಲ," ಎಂದರಂತೆ. "ಇನ್ನೂ ಕಲಿಯಾಕಿ, ಮನಿಯೊಳಗ ಒಬ್ಬಾಕಿನಽ ಹಿಂಗ ನೋಡಬಾರದಿತ್ತು ನೀನು," ಎಂದು ಕಸ್ತೂರಿಗೆ ಹೇಳಿ, ಅವಳ ಕೈಯನ್ನು ಮಾತ್ರ ಬಹಳ ಹೊತ್ತು ಬಿಡಲಿಲ್ಲವಂತೆ. ನೀಲವ್ವನ ಎಡ ಎದೆಯನ್ನು ತೆಗೆದರು, ಕಂಕುಳೊಳಗೂ ಕೊಯ್ದರು. ಆಮೇಲೆ ಔಷಧಿ, ವಾಂತಿ, ಕೂದಲುದುರಿದ ತಲೆ. ಆ ದಿನಗಳಲ್ಲಿ ಮನೆಯಲ್ಲಿ ಬಳೆಯ ಸದ್ದೇ ಇರಲಿಲ್ಲ. ಲಾರಿಯಿಂದ ಇಳಿದು ಬಂದ ಗಂಡ ಹೊಸ್ತಿಲಲ್ಲಿ ಕೂತು, "ನನಗ ಯಾಕ ಹೇಳಲಿಲ್ಲ," ಎಂದು ಒಂದೇ ಮಾತನ್ನು ತಿರುತಿರುಗಿ ಕೇಳುತ್ತಿದ್ದ. ಯಾರನ್ನು ಕೇಳುತ್ತಿದ್ದನೋ.

ಎಲ್ಲ ಮುಗಿದು ಅವಳು ಎದ್ದು ಓಡಾಡುವ ಹಾಗಾದ ದಿನ, ಮಡಿ ಸೀರೆ ಉಟ್ಟು, ತನ್ನ ಬುಟ್ಟಿಯಿಂದಲೇ ಹಸಿರು ಬಳೆ ಆರಿಸಿ ತೊಟ್ಟಳು. ನಾನು ಕೇಳುತ್ತಿದ್ದೆ. ಬಲಗೈಯ ಸದ್ದು ಬಂತು. ಎಡಗೈಯದು ಬರಲಿಲ್ಲ. ಕಾದೆ. ಬರಲೇ ಇಲ್ಲ. ಕಂಕುಳಲ್ಲಿ ಕೊಯ್ದ ಆ ಕೈಗೆ ಇನ್ನು ಬಿಗಿ ಬಳೆ ಬೇಡ, ಬಾತುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ.

"ಎದಿ ಹೋದದ್ದು ಸೆರಗಿನ್ಯಾಗ ಮುಚ್ಚತೈತಿ," ನೀಲವ್ವ ಅಂದಳು. "ಈ ಕೈ ಹೆಂಗ ಮುಚ್ಚಲಿ? ಬಳಿಗಾರ್ತಿ ಕೈ ಬರಿದಂದ್ರ ಯಾರು ಕೈ ಕೊಡತಾರ ನನಗ?"

ಎದೆ ತೆಗೆಯುತ್ತಾರೆಂದಾಗ ಅಳದಿದ್ದವಳು ಅಂದು ಅತ್ತಳು.

ಓಣಿಯವರು ಬಹಳ ಜನ ಕೈ ಕೊಡಲಿಲ್ಲ. ಈಗಲೂ ಕೊಡದವರಿದ್ದಾರೆ. ಅವಳು ಆಚೆಯ ಓಣಿಗಳಿಗೆ ಹೋಗುತ್ತಾಳೆ, ದುರ್ಗದ ಬೈಲಿನ ಪೇಟೆಯಲ್ಲಿ ಕೂರುತ್ತಾಳೆ. ಎಡಗೈ ಯಾಕೆ ಬರಿದು ಎಂದು ಕೇಳಿದವರಿಗೆ ಮೊದಮೊದಲು ಸುಳ್ಳು ಹೇಳುತ್ತಿದ್ದಳು. ಈಗ ಇದ್ದದ್ದನ್ನೇ ಹೇಳುತ್ತಾಳೆ, ಕೈ ಹಿಚುಕುತ್ತಲೇ ಹೇಳುತ್ತಾಳೆ. "ಸತ್ತಿದ್ರ ಎರಡೂ ಕೈ ಬರಿದಾಗತಿದ್ವಲ್ಲವ್ವ. ಒಂದಽ ಹೋತು."

ಕಸ್ತೂರಿ ಪಾಸಾದಳು. ಆಸ್ಪತ್ರೆಯಲ್ಲಿ ಅವಳಿಗೆ ಒಂದು ಕೋಣೆಯಿದೆ, ಬಾಗಿಲಿಗೆ ಅವಳ ಹೆಸರಿದೆ. ಬಿಳಿ ಕೋಲು ಹಿಡಿದು ಒಬ್ಬಳೇ ಬಸ್ಸು ಹತ್ತಿ ಹೋಗುತ್ತಾಳೆ. ಒಂದು ಸಂಜೆ ರೇಣವ್ವ ಬಂದು ಸುಮ್ಮನೆ ಕೂತಳು. ಬಳೆ ಕೇಳಲಿಲ್ಲ. ಹೊಸ ಕುಕ್ಕರಿನ ಮಾತಾಡಿದಳು, ಸೊಸೆಯನ್ನು ಬೈದಳು. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಕಸ್ತೂರಿ ನಾಳೆ ಎಷ್ಟೊತ್ತಿಗೆ ಇರತಾಳ ದವಾಖಾನ್ಯಾಗ?" ಎಂದು ಕೇಳಿದಳು. ನೀಲವ್ವ ವೇಳೆ ಹೇಳಿದಳು.

ನನ್ನನ್ನು ಹೊಲಿಗೆ ಯಂತ್ರ ರಿಪೇರಿ ಮಾಡುವವನ ಹತ್ತಿರ ಒಯ್ದರು. ಅವನು ಸೊಟ್ಟಗಾದದ್ದನ್ನೆಲ್ಲ ತಟ್ಟಿ ನೆಟ್ಟಗೆ ಮಾಡಿದ. ಗಂಟೆಯನ್ನು ಮಾತ್ರ ನೋಡಿ, ಇದರ ಸಾಮಾನು ಇಲ್ಲಿ ಸಿಗೋದಿಲ್ಲ ಎಂದ. ನನಗೀಗ ವಯಸ್ಸಾಯಿತು. ಆಸ್ಪತ್ರೆಯಲ್ಲಿ ಕಂಪ್ಯೂಟರೇ ಮಾತಾಡಿ ಓದುತ್ತದಂತೆ. ನಾನು ಕಿಟಕಿಯ ಕೆಳಗಿನ ಮೂಲೆಯಲ್ಲಿ, ಇಳಕಲ್ ಸೀರೆಯ ಚೀಲದ ಮೇಲೆ ಕೂತಿರುತ್ತೇನೆ. ಮೂಲೆ ಎಂದರೆ ನನಗೀಗ ಬೇಸರವಿಲ್ಲ. ಕಸ್ತೂರಿ ಸೇರದ ಮೂಲೆಗೆ ನಾನು ಸೇರಿದರೆ ನಷ್ಟವೇನು?

ಭಾನುವಾರ ಮಾತ್ರ ಅವಳು ನನ್ನನ್ನು ಎತ್ತಿ ಮುಂದಿಟ್ಟುಕೊಳ್ಳುತ್ತಾಳೆ. ತರಬೇತಿಗೆ ಹೊಸದಾಗಿ ಬಂದ ಹುಡುಗಿಯರಿಗೆ ಪಾಠ ಬರೆಯುತ್ತಾಳೆ. ಅವರಲ್ಲೊಬ್ಬಳು ಬೀದರಿನವಳು, ಮನೆಮಾತು ಉರ್ದು. ಇನ್ನೊಬ್ಬಳು ಕೊಲ್ಲಾಪುರದ ಕಡೆಯವಳು, ಮರಾಠಿ. ಚುಕ್ಕಿ ಇಬ್ಬರಿಗೂ ಅವೇ.

ಗಂಟೆಯಿಲ್ಲದ ನನ್ನ ಮೇಲೆ ಬರೆಯುವುದು ಮೊದಲಿಗೆ ಅವಳಿಗೆ ಕಷ್ಟವಾಯಿತು. ಬರೆಯುವ ಭರದಲ್ಲಿ ಸಾಲು ಮುಗಿದದ್ದು ತಿಳಿಯದೆ ಅಕ್ಷರಗಳು ಅಂಚಿನಲ್ಲಿ ಒಂದರ ಮೇಲೊಂದು ಬೀಳುತ್ತಿದ್ದವು. ಅದನ್ನು ನೋಡಿದ ನೀಲವ್ವ ಅಂದಿನಿಂದ ತನ್ನ ಬುಟ್ಟಿಯೊಡನೆ ಮಗಳ ಎಡಕ್ಕೆ ಬಂದು ಕೂರುತ್ತಾಳೆ. ದಾರಕ್ಕೆ ಬಳೆ ಪೋಣಿಸುತ್ತ, ಒಂದು ಕಣ್ಣು ನನ್ನ ಮೇಲಿಟ್ಟಿರುತ್ತಾಳೆ. ನಾನು ಅಂಚಿಗೆ ಬರುತ್ತಿದ್ದ ಹಾಗೆ ಬಲಗೈಯನ್ನು ಒಮ್ಮೆ ಮೆಲ್ಲಗೆ ಕೊಡವುತ್ತಾಳೆ.

ಹಸಿರು ಗಾಜು ಕಿಣಿ ಎನ್ನುತ್ತದೆ. ಕಸ್ತೂರಿ ಮುಂದಿನ ಸಾಲಿಗೆ ಹೋಗುತ್ತಾಳೆ.